ಸೊಪ್ಪು ಹಾಕದೆ ಉಣ್ಣದ ಗಂಗುಲಮ್ಮ

ಹೋದ ತಿಂಗಳು ಒಬ್ಬರು ಇಲ್ಲೇ ಫೇಸ್‌ಬುಕ್‌ನಲ್ಲಿ, ತೀರಿಹೋದ ಅವರಜ್ಜಿ ಅಡುಗೆಮನೇಲಿ ಓಡಾಡೋ ಸದ್ದು ಕೇಳಿಸ್ತು ಅಂತ ಬರೆದಿದ್ರು. ಅದರ ಕೆಳಗೆ ನಾನು "ಇಲಿ ಬೋನು ಇಡಿ ಸಾರ್" ಅಂತ ಕಾಮೆಂಟ್ ಹಾಕ್ದೆ. ಸುಮಾರು ಜನ ನಕ್ರು, ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೀತಾ ನಿಂತಾಗ ನನ್ನ ಮೇಲೆ ನನಗೇ ಬೇಜಾರಾಯ್ತು. ಯಾಕಂದ್ರೆ ನಾನೂ ಒಂದು ಸದ್ದು ಕೇಳಿದೀನಿ. ನಾಲ್ಕು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ. ಇಷ್ಟು ದಿನ ಅದನ್ನ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.

ನನ್ನ ಬರಹ ಓದೋರಿಗೆ ನನ್ನ ಬಾಯಿ ಗೊತ್ತು. ದೆವ್ವ, ಗಾಳಿ, ಮೈಮೇಲೆ ಬರೋದು, ಯಾವುದನ್ನೂ ನಾನು ನಂಬಿದೋಳಲ್ಲ. ಅಮಾವಾಸ್ಯೆ ದಿನ ದಾರೀಲಿ ಬಿದ್ದಿರೋ ನಿಂಬೆಹಣ್ಣು ದಾಟಬೇಡ ಅಂತ ನಮ್ಮತ್ತೆ ಅಂದ್ರೆ, ಬೇಕು ಅಂತ್ಲೇ ಅದನ್ನ ಎತ್ಕೊಂಡು ಬಂದು ಪಾನಕ ಮಾಡ್ಕೊಂಡು ಕುಡಿಯೋಳು ನಾನು. ಈಗ್ಲೂ ದೆವ್ವ ಇದೆ ಅಂತ ವಾದ ಮಾಡೋಕೆ ಬಂದಿಲ್ಲ. ನಡೆದಿದ್ದು ನಡೆದ ಹಾಗೆ ಹೇಳ್ತೀನಿ. ಕೆಳಗೆ ಬೋನು ಇಡು ಅಂತ ಹಾಕೋರು ಹಾಕಿ, ನನಗೆ ಅದು ಆಗಲೇಬೇಕು.

ಆಗ ನಾನು ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗೋ ದಾರೀಲಿ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದೆ. ಹೆಸರು ಬೇಡ, ಈಗ ಅದು ಅಲ್ಲಿ ಇಲ್ಲ, ಆ ಕಟ್ಟಡದಲ್ಲಿ ಗೊಬ್ಬರದ ಮೂಟೆ ತುಂಬಿದಾರೆ. ಹಳೇ ಹೆಂಚಿನ ಮನೆ, ನಡುವೆ ಅಂಗಳ, ಸುತ್ತ ಸಣ್ಣ ಸಣ್ಣ ಕೋಣೆ, ಹಿಂದುಗಡೆ ಹಿತ್ತಲು. ಹನ್ನೊಂದು ಜನ ಇದ್ರು, ಅರ್ಧಕ್ಕರ್ಧ ಹಾಸಿಗೆ ಹಿಡಿದೋರು. ನನ್ನ ಕೆಲಸಕ್ಕೆ ರಿಜಿಸ್ಟರಲ್ಲಿ ಕೇರ್‌ಟೇಕರ್ ಅಂತ ಬರೀತಿದ್ರು, ಬಾಯಲ್ಲಿ ಆಯಾ ಅಂತಿದ್ರು. ಮೈ ಒರೆಸೋದು, ಡೈಪರ್ ಬದಲಾಯಿಸೋದು, ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಂದ್ಸಲ ಮಗ್ಗುಲು ತಿರುಗಿಸೋದು, ಉಣ್ಣಿಸೋದು. ನರ್ಸ್ ಒಬ್ಬಳಿದ್ಲು, ಮಂಜುಳಾ ಸಿಸ್ಟರ್ ಅಂತ. ನನಗಿಂತ ಹತ್ತು ವರ್ಷ ಚಿಕ್ಕೋಳು, ನನ್ನ ಅಕ್ಕಾ ಅಂತಿದ್ಲು. ಆದ್ರೆ ಕೆಲಸ ಕಲಿಸಿದ್ದು ಅವಳೇ.

ಅವಳು ಹೆಂಗೆ ಕಲಿಸಿದ್ಲು ಅಂತ ಒಂದು ಮಾತು ಹೇಳ್ಬಿಡ್ತೀನಿ. ಅಲ್ಲಿ ಗೋಪಾಲಪ್ಪ ಮೇಷ್ಟ್ರು ಅಂತ ಇದ್ರು. ಎರಡೂ ಕಾಲಲ್ಲಿ ಸ್ವಾಧೀನ ಇರಲಿಲ್ಲ. ಅವರ ಕೋಣೆಗೆ ಬಾಗಿಲೂ ಇರಲಿಲ್ಲ, ಬರೀ ಒಂದು ಪರದೆ. ಒಂದಿನ ನಾನು ಬಕೆಟ್ ಹಿಡ್ಕೊಂಡು ಸೀದಾ ಒಳಗೆ ನುಗ್ಗಿ ಹೊದಿಕೆ ಎಳೆದೆ. "ಏನಮ್ಮಾ, ಕ್ಲಾಸು ನಡೀತಿರೋವಾಗ ಹಿಂಗೆ ನುಗ್ಗೋದಾ?" ಅಂತ ಗದರಿಸಿ ಮುಖ ಗೋಡೆ ಕಡೆ ಹಾಕ್ಕೊಂಡ್ರು. ಜೋಕು ಅಂದ್ಕೊಂಡು ನಾನು ನಗ್ತಾ ಇದ್ದೆ. ಮಂಜುಳಾ ನನ್ನ ಕೈ ಹಿಡಿದು ಹೊರಗೆ ಕರ್ಕೊಂಡು ಬಂದು, ಪರದೆ ಆಚೆ ನಿಂತು, "ಮೇಷ್ಟ್ರೇ, ಬರ್ಬಹುದಾ?" ಅಂದ್ಲು. ಒಳಗೆ ಹೊದಿಕೆ ಎಳ್ಕೊಳ್ಳೋ ಸದ್ದಾಯ್ತು. ಆಮೇಲೆ "ಹೂಂ, ಬಾಮ್ಮಾ" ಅಂದ್ರು. ಅವತ್ತಿಂದ ನಾನೂ ಕೇಳದೆ ಒಳಗೆ ಕಾಲಿಟ್ಟಿಲ್ಲ. ಅಲ್ಲಿ ಇಂಥವೇ ಕೆಲಸ ಜಾಸ್ತಿ. ಬಸಿಗೆ ಹುಯ್ಕೊಂಡು ಕುಡಿದ್ರೇನೇ ಟೀ ಅನ್ನೋರಿಗೆ ಬಸಿ ಹುಡುಕಿಕೊಡೋದು, ಸೆಕೆ ದಿನ ದಿಂಬು ಮಗುಚಿ ತಣ್ಣಗಿರೋ ಮಗ್ಗುಲು ಮೇಲೆ ಮಾಡೋದು. ಇದನ್ನೆಲ್ಲ ಬರೆಯೋಕೆ ಚಾರ್ಟಲ್ಲಿ ಜಾಗ ಇರಲಿಲ್ಲ.

ಗಂಗುಲಮ್ಮ ಬಂದಿದ್ದು ಯುಗಾದಿ ಕಳೆದ ಮೇಲೆ. ಶ್ರೀನಿವಾಸಪುರದ ಆ ಕಡೆ ಹಳ್ಳಿಯೋಳು, ಎಂಬತ್ತರ ಹತ್ರ ಇದ್ದಿರಬೇಕು. ಮಕ್ಕಳಿರಲಿಲ್ಲ. ಬಿದ್ದು ಸೊಂಟ ಮುರ್ಕೊಂಡು ಆಪರೇಷನ್ ಆದ ಮೇಲೆ ತಮ್ಮನ ಮಗಳು ತಂದು ಸೇರಿಸಿದ್ಲು. ಆ ಹುಡುಗಿ ಮಾಲೂರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಿದ್ಲು, ಎರಡು ವಾರಕ್ಕೊಂದ್ಸಲ ಬಂದು ಅತ್ತೆ ತಲೆ ಬಾಚಿ ಹೋಗೋಳು. ಅಜ್ಜಿ ಮಾತಾಡಿದ್ರೆ ಅರ್ಧ ತೆಲುಗು, ಅರ್ಧ ಕನ್ನಡ. ಸಣ್ಣ ಮೈ. ಆದ್ರೆ ಕೈ ಮಾತ್ರ, ಏನು ಹೇಳ್ಲಿ, ಗಂಡಸರ ಕೈ ಹಂಗೆ ಅಗಲ, ಬೆರಳ ತುದಿ ಎಲ್ಲಾ ಕಪ್ಪು ಗೆರೆ. ನಾನು ಸೋಪು ಹಾಕಿ ಉಜ್ಜಿದ್ದೇ ಉಜ್ಜಿದ್ದು. "ಅದು ಕೊಳೆ ಅಲ್ಲಮ್ಮಾಯಿ, ಸೊಪ್ಪಿನ ಕರೆ. ಸುಟ್ರೂ ಹೋಗಲ್ಲ, ಬಿಡು" ಅಂದ್ಲು.

ಬಂದ ಒಂದು ತಿಂಗಳಿಗೆ ಊಟ ಕಮ್ಮಿ ಮಾಡಿದ್ಲು. ಆಮೇಲೆ ಪೂರ್ತಿ ನಿಲ್ಲಿಸಿದ್ಲು. ಮುದ್ದೆ ಬೇಡ, ಅನ್ನ ಬೇಡ, ಅಂಬಲಿ ಬಾಯಿಗಿಟ್ರೆ ತುಟಿ ಬಿಗಿ ಹಿಡಿಯೋದು. ಹಾಸಿಗೇಲಿ ಒರಗಿ ಕೂತು, ಎಡಗೈ ಮಡಿಲಲ್ಲಿಟ್ಕೊಂಡು, ಬಲಗೈಯಲ್ಲಿ ಹೊದಿಕೆ ಮೇಲೆ ಏನೋ ಎರಚ್ತಾ ಇರೋದು. ಸಾಯೋಕೆ ಮುಂಚೆ ಕೆಲವರು ಹಿಂಗೆ ಬೆಡ್‌ಶೀಟ್ ಕೆರೀತಾರೆ ಅಂತ ಮಂಜುಳಾ ನನ್ನ ಕಿವೀಲಿ ಹೇಳಿದ್ಲು. ಸೋಮವಾರ ಸೋಮವಾರ ಒಬ್ಬ ಡಾಕ್ಟರು ಬರ್ತಿದ್ರು. ಅವರು ನೋಡಿ, ಇನ್ನೊಂದು ವಾರ ನೋಡೋಣ, ತಿನ್ನಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ಟ್ಯೂಬ್ ಹಾಕ್ಲೇಬೇಕು ಅಂದ್ರು. ಅವರದ್ದೂ ತಪ್ಪಿಲ್ಲ. ಉಪವಾಸ ಬಿಟ್ಟು ನೋಡ್ತಾ ಕೂರೋಕಾಗಲ್ಲ.

ಆದ್ರೆ ಟ್ಯೂಬ್ ಅನ್ನೋ ಮಾತು ಕೇಳಿದ್ದೇ ತಡ, ಅಜ್ಜಿ ನನ್ನ ಸೆರಗು ಹಿಡ್ಕೊಂಡ್ಲು. ಸೊಂಟದ ಆಪರೇಷನ್ ಆದಾಗ ಯಾವುದೋ ಆಸ್ಪತ್ರೇಲಿ ಟ್ಯೂಬ್ ಹಾಕಿದ್ರಂತೆ. ನಿದ್ದೆಗಣ್ಣಲ್ಲಿ ಕಿತ್ತಾಕಿದ್ಲಂತೆ. ಮತ್ತೆ ಹಾಕಿ, ಎರಡೂ ಕೈ ಮಂಚದ ಕಂಬಿಗೆ ಬಟ್ಟೇಲಿ ಕಟ್ಟಿದ್ರಂತೆ, ಆರು ದಿನ. "ಮೂಗಲ್ಲಿ ಏನಾದ್ರೂ ತುರುಕಲಿ ಅಮ್ಮಾಯಿ. ಕೈ ಮಾತ್ರ ಕಟ್ಟಿಸ್ಬೇಡ. ಹಸು ಕಟ್ಟಾಕಿದಂಗೆ ಕಟ್ಟಿಸ್ಬೇಡ" ಅಂದ್ಲು. ಹಾಗಾದ್ರೆ ಉಣ್ಣಜ್ಜಿ, ಯಾಕೆ ಉಣ್ಣಲ್ಲ ಅಂದ್ರೆ, "ಇಳಿಯಲ್ಲ" ಅಂತಾಳೆ ಅಷ್ಟೆ.

ಅದಾಗಿ ಎರಡು ದಿನಕ್ಕೆ, ಅವಳ ಕೋಣೇಲಿ ನೆಲ ಒರೆಸ್ತಾ ಇದ್ದೋಳು ಸುಮ್ನೆ ಅವಳ ಕೈ ನೋಡ್ತಾ ಕೂತೆ. ಮಡಿಲಿಂದ ಏನೋ ಎತ್ಕೋತಾಳೆ, ಮೂರು ಬೆರಳಲ್ಲಿ ಉದುರಿಸ್ತಾಳೆ, ಅಂಗೈ ಅಡ್ಡ ಮಾಡಿ ಸಮ ಮಾಡ್ತಾಳೆ. ಮತ್ತೆ ಎತ್ಕೋತಾಳೆ. ಇದು ಬೆಡ್‌ಶೀಟ್ ಕೆರೆಯೋ ಕೈ ಅಲ್ಲ. ರೇಷ್ಮೆಹುಳಕ್ಕೆ ಸೊಪ್ಪು ಹಾಕೋ ಕೈ. ನಮ್ಮಮ್ಮನ ಕೈ ಹಿಂಗೇ ಓಡೋದು.

ರೇಷ್ಮೆ ಗೊತ್ತಿಲ್ಲದೋರಿಗೆ ಹೇಳ್ತೀನಿ. ನಾನು ಹುಟ್ಟಿದ್ದು ಹೋಳೂರು. ನಮ್ಮನೇಲಿ ನಾನು ಚಿಕ್ಕೋಳಿದ್ದಾಗ ಹುಳ ಸಾಕ್ತಿದ್ರು. ಹುಳ ಮನೇಲಿದ್ದಷ್ಟು ದಿನ ಹುಳದ್ದೇ ಯಜಮಾನಿಕೆ. ಘಮಘಮ ಅನ್ನೋ ಪೌಡರ್ ಹಾಕೋ ಹಾಗಿಲ್ಲ, ಕಾಲು ತೊಳೀದೆ ಒಳಗೆ ಹೋಗೋ ಹಾಗಿಲ್ಲ, ಒದ್ದೆ ಸೊಪ್ಪು ಹಾಕೋ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹುಳಕ್ಕೆ ಸೊಪ್ಪು ಬೀಳೋವರೆಗೂ ಮನೇಲಿ ಯಾರೂ ಊಟಕ್ಕೆ ಕೂರೋ ಹಾಗಿಲ್ಲ. ಮಗು ಅತ್ರೂ ಅಷ್ಟೆ, ಅಪ್ಪ ಹಸಿವು ಅಂದ್ರೂ ಅಷ್ಟೆ. ಮೊದಲು ಅವಕ್ಕೆ, ಆಮೇಲೆ ನಮಗೆ. ಈ ಮುದುಕಿ ಜೀವಮಾನ ಪೂರ್ತಿ ಹಂಗೇ ಉಂಡಿದ್ದಾಳೆ. ನಾವು ಬೆಳಿಗ್ಗೆ ಎಂಟಕ್ಕೆ ತಟ್ಟೆ ತಂದು ಮುಂದೆ ಹಿಡಿದ್ರೆ ಹೆಂಗೆ ಇಳೀತದೆ?

ನಾನು ಜಾಣೆ ಅಂದ್ಕೊಂಡು ಮೊದಲು ಒಂದು ಸುಳ್ಳು ಹೇಳ್ದೆ. ಕೈ ಒರೆಸ್ಕೊಂಡು ಬಂದು, "ಅಜ್ಜಿ, ಸೊಪ್ಪು ಹಾಕ್ಬಿಟ್ಟೆ. ಈಗ ಉಣ್ಣು" ಅಂದೆ. ಅವಳು ನನ್ನ ಕೈ ಎಳ್ಕೊಂಡು ಮೂಸಿದ್ಲು. ಆಮೇಲೆ ನನ್ನ ಮುಖ ನೋಡಿದ್ಲು. "ಏಮ್ಮಾ, ಫಿನಾಯಿಲ್ ಬಾಟ್ಲಿಯಿಂದ ಹಾಕಿದ್ಯಾ ಸೊಪ್ಪು?" ಅಂದ್ಲು. ಬಾಗಿಲಲ್ಲಿ ನಿಂತಿದ್ದ ಮಂಜುಳಾ ಬಿದ್ದು ಬಿದ್ದು ನಕ್ಕಳು.

ಆಶ್ರಮದ ಕಾಂಪೌಂಡ್‌ಗೆ ಅಂಟ್ಕೊಂಡು ನಾರಾಯಣಪ್ಪ ಅನ್ನೋರ ಹಿಪ್ಪುನೇರಳೆ ತೋಟ ಇತ್ತು. ಹೋಗಿ ಕೇಳ್ದೆ. "ಯಾಕಮ್ಮಾ, ನಿಮ್ಮ ಅಡುಗೆಯೋರು ಇದ್ರಲ್ಲೂ ಬಸ್ಸಾರು ಮಾಡ್ತಾರಾ?" ಅಂತ ತಮಾಷೆ ಮಾಡಿದ್ರು. ವಿಷಯ ಹೇಳಿದ ಮೇಲೆ ಟವಲ್ ತೆಗೆದು ಭುಜ ಕೊಡವಿಕೊಂಡು, "ದಿನಾ ತಗೊಂಡು ಹೋಗಿ. ಮುದುಕಿ ಹೊಟ್ಟೆಗೆ ಬಿದ್ರೆ ಸಾಕು" ಅಂದ್ರು. ಒಂದು ಮಾತು ಒತ್ತಿ ಹೇಳಿದ್ರು. ಕಾಂಪೌಂಡ್ ಪಕ್ಕದ ನಾಲ್ಕು ಸಾಲು ಮುಟ್ಬೇಡಿ, ಆ ಸಾಲಿಗೆ ಒತ್ಕೊಂಡೇ ಬೇರೆಯೋರ ಟೊಮೇಟೊ ತೋಟ ಇದೆ, ಅವರು ಔಷಧಿ ಹೊಡೀತಾರೆ, ಗಾಳೀಲಿ ಇದಕ್ಕೂ ಬೀಳ್ತದೆ. ನಾವೇ ಆ ಸೊಪ್ಪನ್ನ ಹುಳಕ್ಕೆ ಹಾಕಲ್ಲ. ಒಳ್ಳೇದು ಬೇಕಾದ್ರೆ ಆ ತುದಿಗೆ ನಡ್ಕೊಂಡು ಹೋಗಿ, ಅಂತ.

ಅಡುಗೆಮನೆಯಿಂದ ಒಂದು ಮೊರ ತಂದು, ಹಳೇ ಪೇಪರ್ ಹಾಸಿ, ಅಜ್ಜಿ ಮಗ್ಗುಲಲ್ಲಿಟ್ಟು, ಸೊಪ್ಪು ಮಡಿಲಿಗೆ ಹಾಕ್ದೆ. ಒಂದೆಲೆ ಎತ್ತಿ ಕೆನ್ನೆಗೆ ಒತ್ಕೊಂಡ್ಲು. ಒದ್ದೆ ಇದೆಯಾ ಅಂತ ನೋಡಿದ್ದು. ಆಮೇಲೆ ಕೈ ಓಡಿತು ನೋಡಿ, ಆಹಾ! ಒಂದು ಎಲೆ ಮೇಲೆ ಇನ್ನೊಂದು ಬೀಳದ ಹಾಗೆ ಹರಡಿದ್ಲು. "ಊಜಿ ನೊಣ ಕೂತು ಹುಳ ಕೆಡಿಸ್ತದೆ, ಬಟ್ಟೆ ಮುಚ್ಚು" ಅಂದ್ಲು. ಹಳೇ ವಾಯಿಲ್ ಸೀರೆ ತುಂಡು ಮುಚ್ಚಿದೆ. ಅದಾದ ಮೇಲೆ ಅವಳಾಗೇ ಬಾಯಿ ತೆರೆದ್ಲು. ನಾಲ್ಕು ಚಮಚ ಅಂಬಲಿ. ಸಾಯಂಕಾಲಕ್ಕೆ ಗೋಲಿಯಷ್ಟು ಗಾತ್ರದ ಮುದ್ದೆ ತುಣುಕು, ಸಾರಲ್ಲಿ ಅದ್ದಿ. ಮಂಜುಳಾ ಓಡಿ ಹೋಗಿ ಚಾರ್ಟಲ್ಲಿ ಬರೆದ್ಲು, ಬರೆದು ಅಳ್ತಾ ನಿಂತ್ಲು. ಹುಚ್ಚಿ.

ಸೋಮವಾರ ಡಾಕ್ಟರು ಬಂದು ನೋಡಿ, ಸರಿ, ಟ್ಯೂಬ್ ಈಗ ಬೇಡ. ಆದ್ರೆ ಇನ್ನೊಂದ್ಸಲ ಊಟ ನಿಲ್ಲಿಸಿದ್ರೆ ಮಾತ್ರ ನಾನು ಕಾಯಲ್ಲ ಅಂದ್ರು. ಆಗಿಂದ ದಿನಾ ಮೂರು ಹೊತ್ತು ಇದೇ ಕೆಲಸ. ತೋಟದ ಆ ತುದಿಗೆ ಹೋಗೋದು, ಸೊಪ್ಪು ತರೋದು, ಅವಳು ಹರಡೋದು, ಉಣ್ಣೋದು. ಬಾಡಿದ ಸೊಪ್ಪನ್ನ ನಾನು ಸಾಯಂಕಾಲ ಎತ್ತಿ ಬೀದಿ ಹಸುಗಳಿಗೆ ಹಾಕೋದು. ಇಟ್ಟ ಸೊಪ್ಪು ಇಟ್ಟ ಹಾಗೇ ಇರ್ತಿತ್ತು. ಇದನ್ನ ನೆನಪಿಟ್ಕೊಳ್ಳಿ.

ಇನ್ನು ನಾನು ಆ ಸದ್ದು ಕೇಳಿದ ಭಾನುವಾರ. ಸಾರು ಉಂಡು ಎಲ್ಲರೂ ಮಲಗೋ ಹೊತ್ತು. ಅಜ್ಜಿ ಊಟ ಮಾತ್ರ ಬಾಕಿ ಇತ್ತು. ಅವತ್ತು ಇನ್ನೊಬ್ಬ ಆಯಾ ಬಂದಿರಲಿಲ್ಲ, ಬೆಳಿಗ್ಗೆ ಐದರಿಂದ ಹನ್ನೊಂದು ಜನಕ್ಕೂ ನಾನೊಬ್ಬಳೇ. ಮಂಜುಳಾ ಮಾತ್ರೆ ತರೋಕೆ ಮುಳಬಾಗಿಲಿಗೆ ಹೋಗಿದ್ಲು. ಬಿಸಿಲು ಅಂದ್ರೆ ಬಿಸಿಲು. ಆ ತುದಿವರೆಗೂ ನಡೆಯೋಕೆ ನನ್ನ ಕಾಲು ಒಪ್ಪಲಿಲ್ಲ. ಕಾಂಪೌಂಡ್ ಪಕ್ಕದ ಸಾಲಲ್ಲೇ ಕಿತ್ಕೊಂಡೆ. ಹಿಂದಿನ ದಿನ ಟೊಮೇಟೊ ತೋಟದಲ್ಲಿ ಬೆನ್ನಿಗೆ ಕ್ಯಾನ್ ಕಟ್ಕೊಂಡು ಒಬ್ಬ ಔಷಧಿ ಹೊಡೀತಾ ಇದ್ದಿದ್ದನ್ನ ನಾನೇ ನೋಡಿದ್ದೆ. ಗೊತ್ತಿದ್ದೇ ಕಿತ್ತೆ. ಹುಳ ಎಲ್ಲಿದೆ ಸಾಯೋಕೆ ಅಂದ್ಕೊಂಡೆ. ಆಮೇಲೆ ಅವಳ ಕೈ ತೊಳೆದು ಉಣ್ಣಿಸಿದ್ರಾಯ್ತು ಅಂತ.

ಅಜ್ಜಿ ಮಡಿಲಿಗೆ ಹಾಕಿದಾಗ ಒಂದೆಲೆ ಎತ್ತಿ, "ಎಲ್ಲಿದು ಅಮ್ಮಾಯಿ?" ಅಂದ್ಲು. ಯಾವತ್ತೂ ಕೇಳಿರಲಿಲ್ಲ. "ಆ ತುದೀದು ಅಜ್ಜಿ, ದಿನಾ ತರೋದೇ" ಅಂದೆ. ಅವಳು ನನ್ನ ಕೈ ಮೂಸಲಿಲ್ಲ. ನಂಬಿದ್ಲು. ಹರಡಿದ್ಲು, ಬಟ್ಟೆ ಮುಚ್ಚಿಸಿದ್ಲು. ಕೈ ತೊಳೆಸ್ದೆ. ಉಂಡ್ಲು, ಅವತ್ತು ಎಂದೂ ಇಲ್ಲದಷ್ಟು ಚೆನ್ನಾಗಿ ಉಂಡ್ಲು. ಉಂಡು ಕಣ್ಣು ಮುಚ್ಚಿದ್ಲು.

ನಾನು ಅವಳ ಮಂಚದ ಪಕ್ಕ ನೆಲದ ಮೇಲೆ, ಗೋಡೆಗೆ ಒರಗಿ ಕಾಲು ಚಾಚಿ ಕೂತೆ. ಕರೆಂಟ್ ಹೋಯ್ತು. ಫ್ಯಾನು ತಿರುಗ್ತಾ ತಿರುಗ್ತಾ ನಿಂತ ಮೇಲೆ ಇಡೀ ಮನೆ ನೀರಲ್ಲಿ ಮುಳುಗಿದ ಹಾಗೆ ಆಯ್ತು. ಹೆಂಚಿನ ನಡುವೆ ಒಂದು ಗಾಜಿನ ಹೆಂಚಿತ್ತು, ಅದರಿಂದ ಬೆಳಕು ಇಳಿದು ನೆಲದ ಮೇಲೆ ಬಿದ್ದು, ಅದರಲ್ಲಿ ಧೂಳು ಮೆಲ್ಲಗೆ ತೇಲ್ತಾ ಇತ್ತು. ಹಸಿ ಸೊಪ್ಪಿನ ವಾಸನೆ. ನನಗೆ ನಮ್ಮಮ್ಮನ ಮನೆ ಹುಳದ ಕೋಣೆ, ತಣ್ಣಗಿನ ಸಗಣಿ ನೆಲ, ಅದರ ಮೇಲೆ ಚಾಪೆ ಇಲ್ಲದೆ ಮಲಗ್ತಿದ್ದಿದ್ದು ಎಲ್ಲ ಹಂಗೇ ಕಣ್ಮುಂದೆ ಬಂತು. ನಿದ್ದೆ ಬಂದಿತ್ತಾ? ಇಲ್ಲ ಅಂತ ಆಣೆ ಮಾಡಲ್ಲ. ಅರ್ಧ ಅಲ್ಲಿ, ಅರ್ಧ ಇಲ್ಲಿ ಇದ್ದೆ.

ಆಗ ಸೋನೆ ಶುರುವಾಯ್ತು. ಒಣಗಿದ ತರಗಿನ ಮೇಲೆ ಸಣ್ಣ ಹನಿ ಬಿದ್ರೆ ಕೇಳ್ತದಲ್ಲ, ಸರಸರಸರ ಅಂತ, ಒಂದೇ ಸಮ. ಅಂಗಳದಲ್ಲಿ ಬಟ್ಟೆ ಒಣಗಿ ಹಾಕಿದೀನಿ, ಎದ್ದು ತೆಗೀಬೇಕು ಅನ್ನಿಸ್ತು. ಆದ್ರೆ ಏಳೋಕೆ ಮನಸ್ಸಿಲ್ಲ, ಅಷ್ಟು ಹಿತವಾಗಿತ್ತು ಆ ಸದ್ದು. ಹಂಗೇ ಕತ್ತು ತಿರುಗಿಸಿ ಅಂಗಳ ನೋಡಿದೆ. ಬಿಸಿಲು ಧಗಧಗ ಅಂತಿದೆ. ಒಂದು ಹನಿ ಇಲ್ಲ. ಸದ್ದು ಮಾತ್ರ ಇದೆ. ನನ್ನ ತಲೆ ಪಕ್ಕದಲ್ಲೇ ಇದೆ, ಮಂಚದ ಮೇಲೆ.

ರೇಷ್ಮೆ ಮನೇಲಿ ಬೆಳೆದೋರಿಗೆ ಆ ಸದ್ದು ಹೇಳಿಕೊಡಬೇಕಾಗಿಲ್ಲ. ಗೂಡು ಕಟ್ಟೋಕೆ ಇನ್ನೊಂದು ವಾರ ಇರೋವಾಗ ಹುಳ ಬೆರಳುದ್ದ ಆಗಿ, ಸೊಪ್ಪಿಗೆ ಬಾಯಿ ಹಾಕಿದ್ರೆ ಇಡೀ ಕೋಣೆ ಮಳೆ ಬಂದ ಹಾಗೆ ಕೇಳ್ತದೆ. ನಾನು ಆ ಸದ್ದಿನ ಕೆಳಗೆ ಮಲಗಿ ಬೆಳೆದೋಳು. ಹುಳ ಮೇಯ್ತಾ ಇದಾವೆ ಅಂತ ಗೊತ್ತಾಯ್ತು. ಹೆದರಿಕೆ ಆಗಲಿಲ್ಲ ನೋಡಿ, ಅದೇ ವಿಚಿತ್ರ. ಖುಷಿ ಆಯ್ತು. ಅಯ್ಯೋ ಎಷ್ಟು ಚೆನ್ನಾಗಿ ಮೇಯ್ತಿದಾವೆ ಅಂತ. ಅದಾದ ಒಂದು ಗಳಿಗೆ ಮೇಲೆ ನೆನಪಾಯ್ತು. ಯಾವ ಸೊಪ್ಪು ಹಾಕಿದೀನಿ ನಾನು!

ಎದ್ದಿದ್ದು ಗೊತ್ತಿಲ್ಲ, ಮೊರದ ಮೇಲಿನ ಬಟ್ಟೆ ಕಿತ್ತೆಸೆದಿದ್ದು ಗೊತ್ತು. "ಬೇಡ, ಬೇಡ, ತಿನ್ಬೇಡಿ" ಅಂತ ಬಾಯಲ್ಲಿ ಬಂತು. ಬಟ್ಟೆ ಎತ್ತಿದ ಕ್ಷಣಕ್ಕೆ ಸದ್ದು ನಿಂತೋಯ್ತು. ಮೊರದಲ್ಲಿ ಒಂದು ಹುಳ ಇಲ್ಲ. ಎಲೇನೂ ಇಲ್ಲ. ಅರ್ಧ ಗಂಟೆ ಹಿಂದೆ ಹಾಕಿದ ಒಂದು ಮಡಿಲು ಸೊಪ್ಪಲ್ಲಿ ಉಳಿದಿದ್ದು ಬರೀ ಕಡ್ಡಿ, ಬರೀ ನರ.

ನಾನು ಬಾಯಿ ಬಿಟ್ಕೊಂಡು ನಿಂತಿರೋವಾಗ ಪಕ್ಕದ ಕೋಣೆಯಿಂದ ಮೇಷ್ಟ್ರು ಕೂಗಿದ್ರು. "ಯಾರಮ್ಮಾ ಅಲ್ಲಿ? ಮಳೆ ಬಂದು ನಿಂತೂ ಹೋಯ್ತು, ಬಟ್ಟೆ ತೆಗೆದ್ರೋ ಇಲ್ವೋ?" ಅಂದ್ರು. ನಾನು ಮಂಚದ ಕಡೆ ತಿರುಗಿದೆ. ನೋಡಿದ್ರೆ ಗಂಗುಲಮ್ಮ ಕಣ್ಣು ಬಿಟ್ಟಿದಾಳೆ. ಒಂದು ಕೈ ಮೊರದ ಅಂಚಿನ ಮೇಲಿದೆ. "ಯಾಕೆ ನಿಂತೋದ್ವು?" ಅಂದ್ಲು, ಮೆಲ್ಲಗೆ.

ಸುಳ್ಳು ಹೇಳೋಕೆ ಆಗಲಿಲ್ಲ. "ಅಜ್ಜಿ, ತಪ್ಪು ಮಾಡ್ಬಿಟ್ಟೆ. ಅದು ಆ ತುದಿ ಸೊಪ್ಪಲ್ಲ. ಟೊಮೇಟೊ ಪಕ್ಕದ್ದು. ಔಷಧಿ ಹೊಡೆದಿದ್ದು" ಅಂದೆ. ಬೈತಾಳೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿರೋದು. ಮೊರದ ಅಂಚಿಂದ ಕೈ ತೆಗೆದ್ಲು. ಆಮೇಲೆ, "ಗುಂಡಿ ತೋಡಿ ಹೂತು ಬಾ. ಆಚೆ ಎಸೀಬೇಡ, ಕೋಳಿ ತಿಂದ್ರೆ ಕೋಳೀನೂ ಹೋಗ್ತವೆ" ಅಂದ್ಲು.

ಮೊರ ಎತ್ತಿದೆ. ಇದನ್ನ ಬರೆಯೋವಾಗ್ಲೂ ನನ್ನ ತೋಳಿಗೆ ನೆನಪಿದೆ. ಹಿಡಿ ಕಡ್ಡಿ ಇರೋ ಮೊರ ಎಷ್ಟು ತೂಕ ಇರಬೇಕು? ನನ್ನ ಎರಡೂ ಕೈ ಜಗ್ಗಿತು. ಚಿಕ್ಕೋಳಿದ್ದಾಗ ಹುಳದ ತಟ್ಟೆ ಸ್ಟ್ಯಾಂಡಿಂದ ಇಳಿಸಿಕೊಡೋವಾಗ ಜಗ್ಗೋದಲ್ಲ, ಹಂಗೆ. ಎದೆಗೆ ಒತ್ಕೊಂಡು ಹಿತ್ತಲಿಗೆ ಹೋದೆ, ಕರಿಬೇವಿನ ಗಿಡದ ಪಕ್ಕ ಗುಂಡಿ ತೋಡ್ದೆ, ಮೊರ ಬಗ್ಗಿಸ್ದೆ. ಕಣ್ಣಿಗೆ ಕಂಡ ಹಾಗೆ ಬಿದ್ದಿದ್ದು ಬರೀ ಕಡ್ಡಿ. ಆದ್ರೆ ಕೈಯಲ್ಲಿದ್ದ ಮೊರ ಹಗುರ ಆಯ್ತು. ಮಣ್ಣು ಮುಚ್ಚಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತೆ. ಯಾರಿಗೋಸ್ಕರ ಅತ್ತೆ ಅಂತ ನನಗೇ ಗೊತ್ತಿಲ್ಲ.

ಆ ಸಾಯಂಕಾಲ ಅಜ್ಜಿ ಉಣ್ಣಲಿಲ್ಲ. ಹುಳ ಹೋದ ದಿನ ಅವರ ಮನೇಲಿ ಒಲೆ ಹಚ್ಚಲ್ವಂತೆ. ಬೆಳಗಾದ್ರೆ ಸೋಮವಾರ, ಡಾಕ್ಟರು ಬರ್ತಾರೆ. ಮಂಜುಳಾ ಚಾರ್ಟ್ ಹಿಡ್ಕೊಂಡು, "ಏನು ಬರೀಲಿ ಅಕ್ಕಾ, ಸುಳ್ಳು ಬರೆಯೋಕಾಗಲ್ಲ" ಅಂತ ನನ್ನ ಮುಖ ನೋಡಿದ್ಲು. ಅಜ್ಜಿ ತನ್ನ ಎರಡೂ ಕೈ ಹೊದಿಕೆ ಒಳಗೆ ಬಚ್ಚಿಟ್ಕೊಂಡು ಮಲಗಿದ್ಲು. ಆಗಲೇ ಯಾರೋ ಕಟ್ಟೋಕೆ ಬಂದಿದಾರೇನೋ ಅನ್ನೋ ಹಾಗೆ.

ಅವತ್ತು ನಾನು ಮನೆಗೆ ಹೋಗಲಿಲ್ಲ. ಬೆಳಕು ಹರೀತಿದ್ದ ಹಾಗೆ ಬ್ಲೀಚಿಂಗ್ ಪೌಡರ್ ಕಲಸಿ ಆ ಕೋಣೆ ನೆಲ, ಗೋಡೆ, ಮಂಚದ ಕಾಲು ಎಲ್ಲ ತೊಳೆದೆ. ಒಂದು ಬೆಳೆ ಹುಳ ಹೋದ್ರೆ ನಮ್ಮಮ್ಮ ಮಾಡ್ತಿದ್ದಿದ್ದು ಅದೇ, ಹಂಗೇ ತೊಳೆದು ಹೊಸದಾಗಿ ಶುರು ಮಾಡೋದು. ವಾಸನೆಗೆ ಮೇಷ್ಟ್ರು ಕೆಮ್ಮಿ, "ಏನಮ್ಮಾ, ನಮ್ಮನ್ನೆಲ್ಲ ಒಟ್ಟಿಗೆ ಕಳಿಸಿಬಿಡೋ ಪ್ಲಾನಾ?" ಅಂತ ಬೈದ್ರು. ಮೊರ ಉಜ್ಜಿ ಬಿಸಿಲಿಗಿಟ್ಟೆ. ತೋಟದ ಆ ತುದಿಗೆ ಹೋಗಿ ತುದಿಯ ಎಳೇ ಎಲೆ ಮಾತ್ರ ಚಿವುಟಿ ತಂದು, ಮರಿಹುಳಕ್ಕೆ ಹಚ್ಚೋ ಹಾಗೆ ಸಣ್ಣಗೆ ಹಚ್ಚಿದೆ. ಅಜ್ಜಿ ಎಲ್ಲಾ ನೋಡ್ತಾ ಇದ್ಲು. ಮಡಿಲಿಗೆ ಹಾಕಿದ ಮೇಲೆ ನನ್ನ ಕೈ ಎಳ್ಕೊಂಡು ಮೂಸಿದ್ಲು. ಬ್ಲೀಚಿಂಗ್ ವಾಸನೆಗೆ ಮೂಗು ಮುರಿದ್ಲು. ಆಮೇಲೆ ಹೊದಿಕೆಯಿಂದ ಕೈ ಆಚೆ ತೆಗೆದು, ಚಿಟಿಕೆ ಚಿಟಿಕೆ ಎತ್ತಿ ಉದುರಿಸಿದ್ಲು. ಡಾಕ್ಟರು ಒಳಗೆ ಕಾಲಿಟ್ಟಾಗ ಅವಳು ಅಂಬಲಿ ಕುಡಿದು ಬಾಯಿ ಒರೆಸ್ಕೋತಾ ಇದ್ಲು.

ಆಮೇಲೆ ಗಂಗುಲಮ್ಮ ನಾಲ್ಕು ತಿಂಗಳಿದ್ಲು. ಟ್ಯೂಬ್ ಹಾಕ್ಲಿಲ್ಲ. ಒಂದು ಬೆಳಿಗ್ಗೆ ಟೀ ಕುಡಿದು ಮಲಗಿದೋಳು ಏಳಲಿಲ್ಲ. ಮೈ ತೊಳೆದಿದ್ದು ನಾನು, ಮಂಜುಳಾ, ತಮ್ಮನ ಮಗಳು. ಮಣಿಕಟ್ಟಿನ ಮೇಲೆ ಹಳೇ ಕಟ್ಟಿನ ಗುರುತು ಬಿಟ್ರೆ ಹೊಸದೊಂದೂ ಇರಲಿಲ್ಲ.

ಆ ಸದ್ದು ಮತ್ತೆ ಬರಲಿಲ್ಲ. ಎಷ್ಟೋ ಮಧ್ಯಾಹ್ನ ಅದೇ ಜಾಗದಲ್ಲಿ ಅದೇ ಗೋಡೆಗೆ ಒರಗಿ ಕೂತೆ. ಮಿಡತೆ ಇರಬಹುದು ಅಂದ್ಕೊಂಡೆ. ಕೋಣೇಲಿ ಒಂದು ಮಿಡತೆ ಕಾಣಲಿಲ್ಲ. ನನ್ನ ಕನಸು ಅಂದ್ರೆ, ಮೇಷ್ಟ್ರು ಕೇಳಿದ್ದೇನು? ಸುಸ್ತಿಗೆ ನಾನೇ ಕಡ್ಡಿ ಕಿತ್ಕೊಂಡು ಬಂದಿದ್ದೆ ಅಂದ್ರೆ, ಅಜ್ಜಿ ಎಲೆ ಹರಡಿದ್ದನ್ನ ನಾನು ನೋಡಿಲ್ವಾ? ನಿಮಗೇನಾದ್ರೂ ಹೊಳೆದ್ರೆ ಹೇಳಿ. ನನಗಂತೂ ಹೊಳೆದಿಲ್ಲ.

ಅವಳು ಹೋಗೋಕೆ ಸ್ವಲ್ಪ ದಿನ ಮುಂಚೆ ಒಂದು ಮಾತಾಯ್ತು. ಒಂದಿನ ಸೊಪ್ಪು ಹರಡ್ತಾ ಹರಡ್ತಾ ಕೈ ನಿಲ್ಲಿಸಿ, "ಸಾಕು ಅಮ್ಮಾಯಿ. ನಾಳೆಯಿಂದ ತರಬೇಡ" ಅಂದ್ಲು. ನನಗೆ ಭಯ ಆಯ್ತು, "ಯಾಕಜ್ಜಿ, ಉಣ್ಣಲ್ವಾ?" ಅಂದೆ.

"ಉಣ್ತೀನಿ. ನಿನ್ನ ಕಾಲು ಸವೀತು ಪಾಪ, ಅದಕ್ಕೆ."

"ಮತ್ತೆ ಹುಳ?" ಅಂದೆ. ಬಾಯಿ ತಪ್ಪಿ ಬಂತು.

ಅವಳು ಹಲ್ಲಿಲ್ಲದ ಬಾಯಿ ತುಂಬಾ ನಕ್ಕಳು. "ಎಲ್ಲೈತೆ ಹುಳ? ನಾನೇನು ಪಿಚ್ಚಿ ಅಂದ್ಕೊಂಡ್ಯಾ? ಬರೀ ಸೊಪ್ಪಿಗೆ ಸೊಪ್ಪು ಹಾಕ್ತಿದೀನಿ ಅಂತ ನಂಗೊತ್ತಿಲ್ವಾ? ಹಾಕದೆ ಉಂಡು ಅಭ್ಯಾಸ ಇಲ್ಲ, ಅಷ್ಟೆ."

ಅವಳು ಮೊರದ ಅಂಚು ಸವರ್ತಾ ಹೇಳಿದ್ಲು. "ಅದೊಂದಿನ ಬಿಟ್ಟು. ಅವತ್ತು ನನಗೆ ಹೇಳ್ದೆ ನಿಜವಾದ ಹುಳ ತಂದು ಬಿಟ್ಟಿದ್ಯಲ್ಲ, ನನಗೆ ಎಷ್ಟು ಖುಷಿ ಆಗಿತ್ತು ಗೊತ್ತಾ? ನಿದ್ದೇಲಿ ಸದ್ದು ಕೇಳಿಸ್ತು. ಬಟ್ಟೆ ಕೆಳಗೆ ಕೈ ಹಾಕಿ ಮುಟ್ಟಿದೆ. ತಣ್ಣಗಿದ್ವು. ಹೋದ್ರೆ ಹೋಗ್ಲಿ ಬಿಡು, ನೀನು ಬೇಕು ಅಂತ ಮಾಡಿದ್ದಲ್ಲ." ಆಮೇಲೆ ಕೇಳಿದ್ಲು. "ಎಲ್ಲಿಂದ ತಂದಿದ್ದೆ ಅಮ್ಮಾಯಿ ಅವನ್ನ?"

"ಹೋಳೂರಿಂದ ಅಜ್ಜಿ. ನಮ್ಮಣ್ಣನ ಮನೇದು" ಅಂದೆ.

"ಒಳ್ಳೇ ಹುಳ" ಅಂದ್ಲು, ನನ್ನ ಕೈ ಮೇಲೆ ಕೈಯಿಟ್ಟು.

ನಮ್ಮಣ್ಣ ಹುಳ ಸಾಕೋದು ಬಿಟ್ಟು ಆಗಲೇ ಆರು ವರ್ಷ ಆಗಿತ್ತು. ನಾನು ತಂದಿದ್ದು ಬರೀ ಸೊಪ್ಪು.